ನಡುಮನೆಯಲ್ಲಿ ನಿಂತುಬಿಡುವ ಯಂತ್ರ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಸಂಗತಿಯನ್ನು ಕುರಿತವು. ಒಂದು ಮಂಜೇಶ್ವರದ ಕಡೆಯದು, ಒಂದು ಬದಿಯಡ್ಕದ್ದು, ಉಳಿದೆರಡು ಕುಂಬಳೆಯ ಆಸುಪಾಸಿನವು. ಬರೆದವರೆಲ್ಲರೂ ಅರುವತ್ತೈದು ದಾಟಿದವರು. ಮನೆ ದೊಡ್ಡದು, ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ನಾಡಿನಲ್ಲೋ ಇದ್ದಾರೆ, ಬಾಗಿ ಗುಡಿಸುವ ಶಕ್ತಿ ಸೊಂಟದಲ್ಲಿ ಉಳಿದಿಲ್ಲ. ಅದನ್ನರಿತ ಮಗನೋ ಮಗಳೋ ರಜೆಗೆ ಬಂದಾಗ ನೆಲ ಗುಡಿಸುವ ರೋಬೋಟ್ ಯಂತ್ರವೊಂದನ್ನು ತಂದಿರಿಸಿ ಹೋಗಿದ್ದಾರೆ. ಕೆಲವು ದಿನ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ಕೆಲಸದ ನಡುವೆ ನಿಲ್ಲತೊಡಗಿತು. ಗುಂಡಿ ಒತ್ತಿದರೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ, ನಿಂತಲ್ಲಿಂದಲೇ ಇಂಗ್ಲಿಷಿನಲ್ಲಿ ಏನನ್ನೋ ಹೇಳುತ್ತದೆ.

ಪತ್ರಗಳನ್ನು ಓದಿದಾಗ ನನ್ನ ಮನಸ್ಸಿಗೆ ನಾಟಿದ್ದು ಯಂತ್ರದ ದೋಷವಲ್ಲ. ನಾಲ್ವರಲ್ಲಿ ಮೂವರು ಈ ವಿಷಯವನ್ನು ಮಕ್ಕಳಿಗೆ ತಿಳಿಸಿಯೇ ಇಲ್ಲ. ಫೋನಿನಲ್ಲಿ ಕೇಳಿದರೆ ಚೆನ್ನಾಗಿ ನಡೆಯುತ್ತಿದೆ ಎನ್ನುತ್ತಾರಂತೆ. ಇಷ್ಟು ದುಡ್ಡು ಸುರಿದು ತಂದದ್ದನ್ನು ಅಮ್ಮನ ಕೈ, ಅಪ್ಪನ ಕೈ ಕೆಡಿಸಿತೆಂದು ಮಕ್ಕಳು ಎಣಿಸಿಯಾರೆಂಬ ಸಂಕೋಚ. ಹೀಗಾಗಿ ಯಂತ್ರ ಮಂಚದಡಿ ಸೇರಿದೆ, ಹಿಡಿಸೂಡಿ ಮತ್ತೆ ಕೈಗೆ ಬಂದಿದೆ, ಸೊಂಟದ ನೋವೂ ಅದರ ಹಿಂದೆಯೇ ಬಂದಿದೆ. ಆದುದರಿಂದ ಮೊದಲೇ ಹೇಳಿಬಿಡುತ್ತೇನೆ: ಈ ಯಂತ್ರಗಳು ನಡುವೆ ನಿಲ್ಲುವುದು ಬಹುಪಾಲು ಸಂದರ್ಭಗಳಲ್ಲಿ ಬಳಸುವವರ ತಪ್ಪಿನಿಂದಲ್ಲ, ಯಂತ್ರ ಕೆಟ್ಟುದರಿಂದಲೂ ಅಲ್ಲ. ನಮ್ಮ ಮನೆಗೂ ಅದಕ್ಕೂ ಇರುವ ಹೊಂದಾಣಿಕೆಯ ಕೊರತೆಯಿಂದ. ಆ ಕೊರತೆ ಎಲ್ಲಿದೆಯೆಂದು ಮನೆಯಲ್ಲೇ ಕಂಡುಕೊಳ್ಳಬಹುದು.

ಅದಕ್ಕೂ ಮುನ್ನ ಒಂದು ಎಚ್ಚರಿಕೆ. ನಿಂತ ಯಂತ್ರವನ್ನು ನಿಂತಲ್ಲೇ ಬಿಟ್ಟರೆ ಅದು ಕಾಲಿಗೆ ತೊಡರುವ ವಸ್ತು. ಮೂರು ನಾಲ್ಕು ಕಿಲೋ ಭಾರ, ಹತ್ತು ಸೆಂಟಿಮೀಟರಿನ ಆಸುಪಾಸು ಎತ್ತರ, ಹೆಚ್ಚಾಗಿ ಕಪ್ಪು ಬಣ್ಣ. ಮುಸ್ಸಂಜೆಯ ಮಬ್ಬಿನಲ್ಲಿ ಕಾವಿ ನೆಲದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಈ ವಯಸ್ಸಿನಲ್ಲಿ ಎಡವಿ ಬಿದ್ದು ಸೊಂಟದ ಎಲುಬು ಮುರಿದರೆ ನೆಲದ ಕಸ ನೆನಪಿಗೂ ಬಾರದು. ಯಂತ್ರವನ್ನು ಹಗಲು ಬೆಳಕಿನಲ್ಲಿ ಮಾತ್ರ ನಡೆಸಿರಿ. ಅದರ ಬೆನ್ನಿನ ಮೇಲೆ, ಗುಂಡಿಗಳೂ ಗೋಪುರದಂಥ ಉಬ್ಬೂ ಮುಚ್ಚದಂತೆ, ಬಿಳಿಯ ಪಟ್ಟಿಯೊಂದನ್ನು ಅಂಟಿಸಿಡಿ.

ಇನ್ನು ಕಾರಣದ ಶೋಧ. ಯಂತ್ರ ನಿಂತ ಕೂಡಲೇ ಅದನ್ನೆತ್ತಿ ತಿರುವಿ ನೋಡುವುದು ಎಲ್ಲರ ರೂಢಿ. ಅದರ ಬದಲು ಮೂರು ದಿನ ಏನನ್ನೂ ಸರಿಪಡಿಸದೆ ಸುಮ್ಮನೆ ಬರೆದಿಡಬೇಕು. ಕಳೆದ ತಿಂಗಳಿನ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಮನೆಯ ನಕ್ಷೆಯನ್ನು ಒರಟಾಗಿ ಬರೆದುಕೊಳ್ಳಿ: ಚಾವಡಿ, ನಡುಮನೆ, ಕೋಣೆಗಳು, ಬಾಗಿಲುಗಳು. ಯಂತ್ರ ಎಲ್ಲಿ ನಿಂತಿತೋ ಅಲ್ಲಿ ಒಂದು ಗುರುತು, ಪಕ್ಕದಲ್ಲಿ ಹೊರಟು ಎಷ್ಟು ನಿಮಿಷವಾಗಿತ್ತೆಂಬ ಅಂಕೆ. (ನೆಲದ ಮೇಲೆಯೇ ಸೀಮೆಸುಣ್ಣದಿಂದ ಗುರುತಿಟ್ಟರೆ ಮರುದಿನ ಯಂತ್ರವೇ ಅದನ್ನು ಗುಡಿಸಿ ಸಾಕ್ಷ್ಯನಾಶ ಮಾಡುತ್ತದೆ.) ಮೂರು ದಿನಗಳ ಗುರುತುಗಳನ್ನು ಮುಂದಿಟ್ಟುಕೊಂಡು ಕೇಳಬೇಕಾದ ಪ್ರಶ್ನೆ ಇಷ್ಟೇ: ನಿಲ್ಲುವುದು ಒಂದೇ ಜಾಗದಲ್ಲಿಯೇ, ಒಂದೇ ಹೊತ್ತಿಗೆಯೇ, ಅಥವಾ ಎರಡೂ ಲೆಕ್ಕವಿಲ್ಲದೆ ಎಲ್ಲೆಂದರಲ್ಲಿಯೇ? ಒಂದೇ ಜಾಗವಾದರೆ ಕಾರಣ ಮನೆಯಲ್ಲಿದೆ. ಒಂದೇ ಹೊತ್ತಾದರೆ ವಿದ್ಯುತ್ತಿನಲ್ಲಿದೆ. ಎಲ್ಲೆಂದರಲ್ಲಾದರೆ ಯಂತ್ರದ ಹೊಟ್ಟೆಯಡಿಯಲ್ಲಿದೆ.

ಮನೆಯಿಂದಲೇ ಆರಂಭಿಸೋಣ, ನಮ್ಮ ಕಡೆಯ ಹೆಚ್ಚಿನ ತೊಂದರೆ ಅಲ್ಲಿಯದೇ. ಈ ಜಾತಿಯ ಯಂತ್ರ ಮಾರುಕಟ್ಟೆಗೆ ಮೊದಲು ಬಂದದ್ದು 2001ರಲ್ಲಿ, ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪೆನಿಯ ಟ್ರೈಲೋಬೈಟ್ ಎಂಬ ಹೆಸರಿನಿಂದ. ಮರುವರ್ಷ, 2002ರಲ್ಲಿ, ಅಮೆರಿಕದ ಐರೋಬೋಟ್ ಕಂಪೆನಿಯ ರೂಂಬಾ ಬಂತು; ಮನೆಮಾತಾದದ್ದು ಅದು. ಆ ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ರಾಡ್ನಿ ಬ್ರೂಕ್ಸ್ ಅವರದು, ಯಂತ್ರಕ್ಕೆ ಜಗತ್ತಿನ ನಕ್ಷೆಯನ್ನು ತಲೆಯಲ್ಲಿ ತುಂಬುವ ಅಗತ್ಯವಿಲ್ಲ, ತಾಗಿದಾಗ ತಿರುಗುವ, ತಗ್ಗು ಕಂಡಾಗ ಹಿಂಜರಿಯುವ ಸರಳ ಪ್ರತಿಕ್ರಿಯೆಗಳಿಂದಲೇ ಬೇಕಾದಷ್ಟು ಕೆಲಸ ಸಾಗುತ್ತದೆ ಎಂಬ ವಿಚಾರ. ಈಗಿನ ಯಂತ್ರಗಳಲ್ಲಿ ಬೆನ್ನ ಮೇಲಿನ ಪುಟ್ಟ ಗೋಪುರದಿಂದ ಲೇಸರ್ ಕಿರಣ ಸುತ್ತಿಸಿ ನಕ್ಷೆ ಮಾಡುವವೂ ಇವೆ. ಆದರೂ ನಿಲ್ಲುವ ಪ್ರಶ್ನೆ ಬಂದಾಗ ಅವು ಇಂದಿಗೂ ಆ ಸರಳ ಪ್ರತಿಕ್ರಿಯೆಗಳನ್ನೇ ನಂಬುತ್ತವೆ. ಅವು ರೂಪುಗೊಂಡದ್ದು ಸಮತಟ್ಟಾದ ಮರದ ನೆಲ, ರತ್ನಗಂಬಳಿ, ಹೊಸ್ತಿಲೇ ಇಲ್ಲದ ಬಾಗಿಲುಗಳಿರುವ ಮನೆಗಳಿಗೆ. ಗಡಿನಾಡಿನ ಹಳೆಯ ಮನೆ ಅವುಗಳ ಕಲ್ಪನೆಯಲ್ಲಿಯೇ ಇರಲಿಲ್ಲ.

ಬದಿಯಡ್ಕದ ಓದುಗರ ಪತ್ರದಲ್ಲಿ ಒಂದು ಸೊಗಸಾದ ವಿವರವಿತ್ತು. ಅವರ ಯಂತ್ರ ನಡುಮನೆಯ ನೆಲವನ್ನೆಲ್ಲ ಗುಡಿಸುತ್ತದೆ, ಆದರೆ ಗೋಡೆಗೆ ಒಂದು ಗೇಣು ಇರುವಾಗಲೇ ಬಾವಿಯ ಕಟ್ಟೆಗೆ ಬಂದ ಮಗುವಿನಂತೆ ಗಕ್ಕನೆ ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ಮೂರು ನಾಲ್ಕು ಬಾರಿ ಹೀಗಾದ ಮೇಲೆ ಕೆಲಸವನ್ನೇ ಬಿಡುತ್ತದೆ. ಅಲ್ಲೇನೂ ಇಲ್ಲ, ಕಾವಿ ನೆಲದ ಕರಿಯ ಅಂಚು ಮಾತ್ರ ಇದೆ ಎಂದು ಅವರು ಬರೆದಿದ್ದಾರೆ. ಉತ್ತರ ಅವರ ಪತ್ರದಲ್ಲಿಯೇ ಇದೆ. ಆ ಕರಿಯ ಅಂಚೇ ಕಾರಣ.

ಯಂತ್ರದ ಹೊಟ್ಟೆಯಡಿಯಲ್ಲಿ, ಮುಂಭಾಗದ ಅಂಚಿನ ಉದ್ದಕ್ಕೂ, ಮೂರೋ ನಾಲ್ಕೋ ಆರೋ ಸಣ್ಣ ಗಾಜಿನ ಕಿಟಕಿಗಳಿರುತ್ತವೆ. ಅವುಗಳ ಇಂಗ್ಲಿಷ್ ಹೆಸರು ಕ್ಲಿಫ್ ಸೆನ್ಸರ್. ತಗ್ಗು ನೋಡುವ ಕಣ್ಣು ಎಂದರೆ ನಮಗೆ ಸಾಕು. ಪ್ರತಿಯೊಂದು ಕಿಟಕಿಯೂ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೆಲಕ್ಕೆ ಬಿಟ್ಟು, ಅದು ಮರಳಿ ಬರುವುದನ್ನು ಕಾಯುತ್ತದೆ. ಮರಳಿ ಬಂದರೆ ಕೆಳಗೆ ನೆಲವಿದೆ. ಬಾರದಿದ್ದರೆ ಮೆಟ್ಟಿಲಿದೆ, ಬೀಳುತ್ತೇನೆ, ನಿಲ್ಲಬೇಕು. ಈಗ ನಮ್ಮ ಹಿರಿಯರು ಕಪ್ಪು ನೆಲ ಮಾಡುತ್ತಿದ್ದ ಬಗೆಯನ್ನು ನೆನೆದುಕೊಳ್ಳಿ. ಸುಣ್ಣದ ಗಾರೆಗೆ ತೆಂಗಿನ ಚಿಪ್ಪು ಸುಟ್ಟ ಮಸಿ ಬೆರೆಸಿ, ದಿನಗಟ್ಟಲೆ ಉಜ್ಜಿ ಹೊಳಪು ತರುತ್ತಿದ್ದರು. ಮಸಿಯೆಂದರೆ ಇಂಗಾಲ, ಬೆಳಕನ್ನೂ ಅವಕೆಂಪನ್ನೂ ಅದರಷ್ಟು ಚೆನ್ನಾಗಿ ನುಂಗುವ ವಸ್ತುಗಳು ವಿರಳ. ಆಮೇಲಿನ ಕಾಲದ ಸಿಮೆಂಟು ನೆಲಕ್ಕೆ ಹಾಕಿದ ಕಪ್ಪು ಆಕ್ಸೈಡ್ ಕೂಡ ಅದೇ ಗುಣದ್ದು. ಯಂತ್ರ ಬಿಟ್ಟ ಬೆಳಕು ಆ ಅಂಚಿನಿಂದ ಹಿಂದಿರುಗುವುದಿಲ್ಲ. ಅಜ್ಜ ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದ ಅಂಚು ಅದಕ್ಕೆ ಪಾತಾಳ.

ಇದು ನಿಜವೇ ಎಂದು ಪರೀಕ್ಷಿಸಲು ಖರ್ಚಿಲ್ಲ. ಬಿಳಿಯ ದಪ್ಪ ರಟ್ಟೊಂದನ್ನು ಆ ಕರಿಯ ಅಂಚಿನ ಮೇಲಿಟ್ಟು ನಾಲ್ಕೂ ಬದಿಗೆ ಟೇಪು ಅಂಟಿಸಿ ಯಂತ್ರವನ್ನು ಬಿಡಿ. ರಟ್ಟಿರುವಲ್ಲಿ ದಾಟಿ, ಇಲ್ಲದಲ್ಲಿ ನಿಂತರೆ ತೀರ್ಮಾನವಾಯಿತು. ಪರಿಹಾರ ಎರಡು ಬಗೆ. ಕರಿಯ ಪಟ್ಟಿ ಗೋಡೆಯಂಚಿನಲ್ಲಿ ಮಾತ್ರ ಇದ್ದರೆ, ನಕ್ಷೆ ಮಾಡುವ ಯಂತ್ರಗಳ ಫೋನ್ ಆ್ಯಪ್‌ನಲ್ಲಿ ಇಲ್ಲಿಂದಾಚೆ ಹೋಗಬೇಡ ಎಂಬ ಗೆರೆ ಎಳೆಯುವ ಸೌಲಭ್ಯವಿದೆ. ಅದನ್ನು ಎಳೆದು, ಆ ಒಂದು ಗೇಣು ಅಗಲವನ್ನು ಉದ್ದ ಹಿಡಿಯ ಪೊರಕೆಯಿಂದ ವಾರಕ್ಕೊಮ್ಮೆ ಗುಡಿಸಿಕೊಂಡರಾಯಿತು. ದುಬೈಯಲ್ಲಿರುವ ಮಗನ ಫೋನಿನಲ್ಲಿ ಆ ಆ್ಯಪ್ ಇದ್ದರೆ ಗೆರೆಯನ್ನು ಅಲ್ಲಿಂದಲೇ ಎಳೆಯಬಹುದು. ನೀವು ಕ್ಯಾಲೆಂಡರ್ ಹಾಳೆಯ ಚಿತ್ರ ತೆಗೆದು ಕಳುಹಿಸಿ. ಅಮ್ಮ ಯಂತ್ರ ಕೆಡಿಸಿದರೆಂದು ಅದನ್ನು ನೋಡಿದವರಾರೂ ಹೇಳಲಾರರು. ಕರಿಯ ಪಟ್ಟಿ ಬಾಗಿಲಿಗೆ ಅಡ್ಡವಾಗಿ ಹಾದು ದಾರಿಯನ್ನೇ ಕಟ್ಟಿದ್ದರೆ, ಅಲ್ಲಿ ತೆಳ್ಳಗಿನ, ತಿಳಿ ಬಣ್ಣದ, ಜಾರದಂಥ ರಬ್ಬರ್ ತಳದ ಚಾಪೆ ಹಾಸಬೇಕು.

ಕೆಲವರು ತಗ್ಗು ನೋಡುವ ಕಣ್ಣುಗಳಿಗೇ ಬಿಳಿ ಕಾಗದ ಅಂಟಿಸುವ ಉಪಾಯ ಹೇಳಿಕೊಡುತ್ತಾರೆ. ಯಂತ್ರ ಎಲ್ಲೆಲ್ಲೂ ನೆಲವಿದೆಯೆಂದು ನಂಬಿ ಧೈರ್ಯವಾಗಿ ನಡೆಯುತ್ತದೆ, ನಿಜ. ಜಗಲಿಯ ಅಂಚಿನಲ್ಲಿಯೂ ಅದೇ ಧೈರ್ಯದಿಂದ ನಡೆಯುತ್ತದೆ. ನಮ್ಮ ಕಡೆಯ ಜಗಲಿಗಳ ಎತ್ತರ ಬಲ್ಲವರು ಈ ಉಪಾಯದ ತಂಟೆಗೆ ಹೋಗಬಾರದು.

ಎರಡನೆಯದು ಹೊಸ್ತಿಲು. ಇಂಥ ಯಂತ್ರ ಸಾಮಾನ್ಯವಾಗಿ ಏರಬಲ್ಲ ಎತ್ತರ ಎರಡು ಸೆಂಟಿಮೀಟರಿನಷ್ಟು. ಹಲಸಿನ ಮರದ ಹಳೆಯ ಹೊಸ್ತಿಲು ಅದರ ಐದಾರು ಪಾಲು ಇರುತ್ತದೆ. ಅಷ್ಟು ಎತ್ತರದ್ದು ತೊಂದರೆಯಲ್ಲ; ಯಂತ್ರ ಅದನ್ನು ಗೋಡೆಯೆಂದೇ ತಿಳಿದು ತಿರುಗುತ್ತದೆ. ತೊಂದರೆ ಕೊಡುವುದು ಅತ್ತ ಹೊಸ್ತಿಲೂ ಅಲ್ಲದ ಇತ್ತ ನೆಲವೂ ಅಲ್ಲದ ಏರುತಗ್ಗುಗಳು: ಹಳೆಯ ನೆಲಕ್ಕೆ ಹೊಸ ಟೈಲ್ಸ್ ಸೇರುವ ಕಡೆ ಉಳಿದ ಅಂಗುಲದ ಏರು, ಅಡುಗೆಮನೆಯ ನೆಲ ನಡುಮನೆಗಿಂತ ತುಸು ತಗ್ಗಾಗಿರುವುದು. ಇಳಿಯುವಾಗ ಸಲೀಸಾಗಿ ಇಳಿಯುತ್ತದೆ, ಹಿಂದಿರುಗುವಾಗ ಏರಲಾರದೆ ಚಕ್ರ ಸುತ್ತಿಸುತ್ತ ನಿಲ್ಲುತ್ತದೆ. ಅಂಥಲ್ಲಿ ಮರಗೆಲಸದವರಿಂದ ಇಳಿಜಾರಾದ ಸಣ್ಣ ಹಲಗೆಯೊಂದನ್ನು ಮಾಡಿಸಿ ಕೂರಿಸಬಹುದು, ಇಲ್ಲವೇ ಆ ಬಾಗಿಲನ್ನು ಮುಚ್ಚಿ ಯಂತ್ರ ನಡೆಸಬಹುದು. ದೊಡ್ಡ ಹೊಸ್ತಿಲುಗಳ ಮನೆಯಲ್ಲಿ ದಿನಕ್ಕೊಂದು ಕೋಣೆಯೆಂಬ ಕ್ರಮ ಇಟ್ಟುಕೊಳ್ಳುವುದೇ ಲೇಸು. ಯಂತ್ರವನ್ನು ಎತ್ತಿ ಒಯ್ಯುವುದಾದರೆ ಮನೆಗೆ ಬರುವ ಕೆಲಸದವರೋ ಎಳೆಯರೋ ಒಯ್ಯಲಿ. ಅದೂ ಕೆಲಸ ಆರಂಭಿಸುವ ಮುನ್ನ. ಗುಡಿಸುತ್ತಿರುವಾಗ ಎತ್ತಿ ಬೇರೆಡೆ ಇಟ್ಟರೆ ಲೇಸರ್ ನಕ್ಷೆಯ ಯಂತ್ರಕ್ಕೆ ತಾನೆಲ್ಲಿದ್ದೇನೆಂಬುದೇ ಮರೆತುಹೋಗಿ, ಸುತ್ತಲೂ ನೋಡಿ ದಿಕ್ಕು ತಿಳಿಯದೆ ಕೆಲಸ ಕೈಬಿಡುವುದುಂಟು.

ಜಾಗದ ಲೆಕ್ಕದಲ್ಲಿ ಉಳಿದವು ಚಿಕ್ಕ ಪುಟ್ಟವು. ಬೆನ್ನ ಗೋಪುರ ತಗ್ಗಿನ ಮಂಚದಡಿ ಸಿಕ್ಕಿಕೊಳ್ಳುವುದು, ನೆಲಮಟ್ಟದ ಕನ್ನಡಿಯಲ್ಲಿ ಇಲ್ಲದ ಕೋಣೆ ಕಾಣುವುದು, ಫೋನ್ ಚಾರ್ಜರಿನ ತಂತಿ, ಒಣಗಲು ಹಾಕಿದ ಸೀರೆಯ ಸೆರಗು. ನೋಡಿದರೆ ಗೊತ್ತಾಗುವಂಥವು.

ಒಂದೇ ಹೊತ್ತಿಗೆ ನಿಲ್ಲುವ ಯಂತ್ರದ ಮಾತು ಬೇರೆ. ಹೊಸತರಲ್ಲಿ ಒಂದೂವರೆ ಗಂಟೆ ನಡೆಯುತ್ತಿದ್ದುದು ಈಗ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಸುಸ್ತಾಗುತ್ತಿದ್ದರೆ, ಅದೂ ಕೊಂಡು ಎರಡು ಮೂರು ವರ್ಷಗಳಾಗಿದ್ದರೆ, ಬ್ಯಾಟರಿಯ ಆಯುಷ್ಯ ಮುಗಿಯುತ್ತ ಬಂದಿದೆ. ಲಿಥಿಯಂ ಬ್ಯಾಟರಿಗಳು ಕೆಲವು ನೂರು ಬಾರಿ ತುಂಬಿ ಬರಿದಾದ ಮೇಲೆ ಮೊದಲಿನಷ್ಟು ವಿದ್ಯುತ್ತನ್ನು ಹಿಡಿದಿಡಲಾರವು. ಇದು ದೋಷವಲ್ಲ, ಸವಕಳಿ. ಹೊಸ ಬ್ಯಾಟರಿ ಹಾಕಿದರೆ ಯಂತ್ರಕ್ಕೆ ಮರುಜನ್ಮ. ಆದರೆ ಅಗ್ಗದ, ಹೆಸರಿಲ್ಲದ ಬ್ಯಾಟರಿ ಬೇಡ. ಮತ್ತು ಉಬ್ಬಿದ ಬ್ಯಾಟರಿ ಕಂಡರೆ ಆ ಕ್ಷಣದಿಂದ ಚಾರ್ಜು ಮಾಡದೆ ಯಂತ್ರವನ್ನು ಮನೆಯೊಳಗಿನಿಂದ ಹೊರಗೆ ಸಾಗಿಸಿ, ರಿಪೇರಿಯವರ ಕೈಗೆ ಒಪ್ಪಿಸಬೇಕು. ಬೆಂಕಿಯ ಅಪಾಯ ನಿಜವಾದದ್ದು.

ಬ್ಯಾಟರಿ ಚೆನ್ನಾಗಿದ್ದೂ ನಿಂತಂತೆ ತೋರುವ ಸಂದರ್ಭವೂ ಒಂದುಂಟು. ದೊಡ್ಡ ಮನೆಯಲ್ಲಿ ಚಾರ್ಜು ಇಳಿದಾಗ ಯಂತ್ರ ತಾನಾಗಿ ಗೂಡಿಗೆ ಮರಳಿ, ವಿದ್ಯುತ್ತು ತುಂಬಿಕೊಂಡು, ಗಂಟೆಗಳ ಬಳಿಕ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅದನ್ನು ಕೆಟ್ಟಿತೆಂದು ತಿಳಿದು ಸ್ವಿಚ್ ಆರಿಸಿಬಿಟ್ಟರೆ ಉಳಿದರ್ಧ ಮನೆ ಎಂದೂ ಗುಡಿಸಲ್ಪಡುವುದಿಲ್ಲ. ರಾತ್ರಿ ಸದ್ದು ಮಾಡಬಾರದೆಂಬ ಹೊತ್ತನ್ನು ಗೊತ್ತುಪಡಿಸಿದ್ದರೆ ಆ ಅವಧಿಯಲ್ಲಿ ಮುಂದುವರಿಯದೆ ಬೆಳಗಿನ ತನಕ ಕಾಯುತ್ತದೆ. ಯಂತ್ರವನ್ನು ಹೊಂದಿಸಿದ್ದು ಕೊಲ್ಲಿಯಿಂದ ಬಂದ ಫೋನಿನಲ್ಲಾದರೆ ಆ್ಯಪ್‌ನಲ್ಲಿರುವುದು ಯಾವ ದೇಶದ ಸಮಯವೆಂದು ನೋಡಬೇಕು; ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ.

ಮಂಜೇಶ್ವರದವರ ಒಗಟು ಬಿಡಿಸಲು ನನಗೆ ಹೊತ್ತು ಹಿಡಿಯಿತು. ತುಲಾ ತಿಂಗಳಿನಲ್ಲಿ ಮಾತ್ರ, ಅದೂ ಮಧ್ಯಾಹ್ನದ ಮೇಲೆ ಮಾತ್ರ, ಅವರ ಯಂತ್ರ ಚಾವಡಿಯ ನಡುವೆ ಉಸಿರುಗಟ್ಟಿ ನಿಲ್ಲುತ್ತದೆಯಂತೆ. ತುಲಾ ತಿಂಗಳಿನ ಮಧ್ಯಾಹ್ನವೆಂದರೆ ನಮ್ಮ ಕರಾವಳಿಯಲ್ಲಿ ಗುಡುಗು ಮಿಂಚಿನ ಹೊತ್ತು. ಮೊದಲ ಗುಡುಗು ಕೇಳಿದೊಡನೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ಇಲ್ಲಿನ ಹಳೆಯ ಜಾಗರೂಕತೆ, ಮತ್ತು ಸರಿಯಾದ ಜಾಗರೂಕತೆ. ಆ ಪ್ಲಗ್ಗುಗಳಲ್ಲಿ ಯಂತ್ರದ ಗೂಡಿನದೂ ಒಂದು. ಗೂಡು ಅವಕೆಂಪು ಸಂಕೇತ ಬಿಡುತ್ತ ದಾರಿ ತೋರಿದರೆ ತಾನೇ ಯಂತ್ರ ಮರಳುವುದು? ವಿದ್ಯುತ್ತಿಲ್ಲದ ಗೂಡು ಮೌನ. ಯಂತ್ರ ಹುಡುಕಿ ಹುಡುಕಿ ಇದ್ದ ಚಾರ್ಜನ್ನೂ ಕಳೆದುಕೊಂಡು ಬಿದ್ದಲ್ಲೇ ಬೀಳುತ್ತದೆ. ಕರೆಂಟು ಹೋದಾಗಲೂ ಹೀಗೆಯೇ. ಗುಡುಗಿನ ತಿಂಗಳುಗಳಲ್ಲಿ ಬೆಳಗ್ಗೆಯೇ ಗುಡಿಸುವ ಕೆಲಸ ಮುಗಿಸಿಕೊಳ್ಳಿ. ಗೂಡಿನ ಎರಡೂ ಬದಿಗೆ ಒಂದೂವರೆ ಅಡಿಯಷ್ಟಾದರೂ ತೆರವಿರಲಿ, ಮುಂದೆ ನಾಲ್ಕೈದು ಅಡಿ. ಉಪ್ಪುಗಾಳಿಯ ಊರಿನವರು ಯಂತ್ರದ ಮತ್ತು ಗೂಡಿನ ಲೋಹದ ಪಟ್ಟಿಗಳನ್ನು ಒಣ ಬಟ್ಟೆಯಿಂದ ಆಗಾಗ ಉಜ್ಜಬೇಕು. ಅವುಗಳಿಗೆ ಕಿಲುಬು ಹಿಡಿದರೆ ಗೂಡಿನಲ್ಲಿ ಕುಳಿತೂ ಚಾರ್ಜು ಆಗುವುದಿಲ್ಲ.

ಎಲ್ಲೆಂದರಲ್ಲಿ ನಿಲ್ಲುವುದಾದರೆ, ಸ್ವಿಚ್ ಆರಿಸಿ, ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ ಯಂತ್ರವನ್ನು ಮಗುಚಿಡಿ. ನೆಲದಲ್ಲಿ ಕುಳಿತು ಬಾಗುವ ಅಗತ್ಯವಿಲ್ಲ. ನಡುವೆ ಉದ್ದಕ್ಕೆ ಕಾಣುವ ಉರುಳೆ ಮೇನ್ ಬ್ರಷ್. ಅದನ್ನು ಹೊರತೆಗೆದು ಎರಡೂ ತುದಿಗಳನ್ನು ನೋಡಿ. ಎಣ್ಣೆ ಹಚ್ಚಿದ ಉದ್ದ ಕೂದಲು ಅಲ್ಲಿ ಬಳೆಯಂತೆ ಬಿಗಿದಿರುತ್ತದೆ. ಉರುಳೆ ತಿರುಗಲು ಕಷ್ಟವಾದಾಗ ಮೋಟಾರು ಹೆಚ್ಚು ವಿದ್ಯುತ್ತು ಎಳೆಯುತ್ತದೆ, ಅದನ್ನು ಗಮನಿಸಿ ಯಂತ್ರ ಮೋಟಾರು ಸುಡದಿರಲೆಂದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಮೂಲೆಯಲ್ಲಿ ಮೀಸೆಯಂತೆ ಸುತ್ತುವುದು ಸೈಡ್ ಬ್ರಷ್. ನಮ್ಮ ಕಡೆ ಅದರ ಬುಡದಲ್ಲಿ ಸಿಗುವ ವಿಶೇಷ ವಸ್ತು ಬಾಳೆನಾರು. ಮುಡಿದು ಬಾಡಿದ ಮಲ್ಲಿಗೆಯ ಹೂಗಳನ್ನು ಯಂತ್ರ ನುಂಗಿ, ಕಟ್ಟಿದ ನಾರನ್ನು ಮಾತ್ರ ಅಚ್ಚಿಗೆ ಸುತ್ತಿಕೊಂಡಿರುತ್ತದೆ. ಮುಂದಿನ ಪುಟ್ಟ ಗಾಲಿಯನ್ನು ಬಹುಪಾಲು ಯಂತ್ರಗಳಲ್ಲಿ ನೇರವಾಗಿ ಎಳೆದರೆ ಕಳಚಿ ಬರುತ್ತದೆ. ಅದರ ಕುಳಿಯೊಳಗೂ ಕೂದಲು. ತಗ್ಗು ನೋಡುವ ಕಣ್ಣುಗಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸಿ. ಧೂಳು ಮುಸುಕಿದ ಕಣ್ಣಿಗೆ ಎಲ್ಲ ನೆಲವೂ ಕರಿಯ ನೆಲವೇ. ಮುಂಭಾಗದ ಬಾಗಿದ ಪಟ್ಟಿ, ಅಂದರೆ ಬಂಪರ್, ಒತ್ತಿದರೆ ಒಳಹೋಗಿ ಬಿಟ್ಟರೆ ಹೊರಬರಬೇಕು. ಒಳಗೆ ಅಕ್ಕಿಕಾಳೊಂದು ಸಿಕ್ಕಿಕೊಂಡಿದ್ದರೂ ಸಾಕು, ಸದಾ ಗೋಡೆಗೆ ತಾಗಿಕೊಂಡಿದ್ದೇನೆಂಬ ಭ್ರಮೆಯಲ್ಲಿ ಅದು ಅಲುಗದು.

ಕೊನೆಯದು ಕಸದ ಡಬ್ಬಿ ಮತ್ತು ಅದರೊಳಗಿನ ಸೋಸುಕ, ಫಿಲ್ಟರ್. ರಂಗೋಲಿಪುಡಿ, ಅಕ್ಕಿಹಿಟ್ಟು, ವಿಭೂತಿಯಂಥ ನಯವಾದ ಪುಡಿಗಳು ಅದರ ರಂಧ್ರಗಳನ್ನು ಮುಚ್ಚುತ್ತವೆ. ಗಾಳಿಯ ದಾರಿ ಕಟ್ಟಿದಾಗ ಒಳಗಿನ ಮೋಟಾರು ಬಿಸಿಯೇರಿ ಯಂತ್ರ ನಿಲ್ಲುತ್ತದೆ. ಹೋಮದ ಬೂದಿಯ ಬಳಿಗೆ ಅದನ್ನು ಬಿಡಲೇಬಾರದು. ಒಂದು ಕೆಂಡದ ಚೂರು ಸಾಕು. ಫಿಲ್ಟರನ್ನು ತೊಳೆಯಬಹುದೋ ಬಾರದೋ ಎಂಬುದು ಕೈಪಿಡಿಯಲ್ಲಿರುತ್ತದೆ. ತೊಳೆಯಬಹುದಾದದ್ದನ್ನೂ ಪೂರ್ತಿ ಒಂದು ದಿನ ಒಣಗಿಸಬೇಕು, ಆಟಿಯ ಮಳೆಯಲ್ಲಿ ಎರಡು ದಿನ. ಒದ್ದೆಯಾಗಿ ಹಾಕಿದರೆ ಧೂಳು ಕೆಸರಾಗಿ ಅಂಟುತ್ತದೆ, ಬೂಸಲು ಹಿಡಿಯುತ್ತದೆ. ಎರಡನೆಯ ಫಿಲ್ಟರೊಂದನ್ನು ಕೊಂಡಿಟ್ಟುಕೊಂಡರೆ ಈ ಕಾಯುವಿಕೆಯಿಲ್ಲ.

ಇಷ್ಟರ ಮೇಲೂ ನಿಂತರೆ ಕಂಪೆನಿಯ ಸಹಾಯವಾಣಿಗೆ ಫೋನು ಮಾಡುವುದೇ ಸರಿ. ಅದಕ್ಕೆ ಮೊದಲು ಯಂತ್ರ ನಿಂತಾಗ ಆಡುವ ಇಂಗ್ಲಿಷ್ ಮಾತನ್ನು ಕೇಳಿದಂತೆಯೇ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಿ, ಎರರ್ ಎಂಬ ಪದದ ಮುಂದಿನ ಅಂಕೆಯನ್ನಂತೂ ತಪ್ಪದೆ. ಆ ಅಂಕೆಯೊಂದನ್ನು ಹೇಳಿದರೆ ಆಚೆಯವರು ಹಿಂದಿಯಲ್ಲಿ ಮಾತಾಡಲಿ, ಇಂಗ್ಲಿಷಿನಲ್ಲಿ ಮಾತಾಡಲಿ, ಅರ್ಧ ಮಾತು ಮುಗಿದಂತೆ. ಕೊಂಡ ತಾರೀಖು, ಬಿಲ್ಲು, ಯಂತ್ರದ ತಳದಲ್ಲಿ ಅಚ್ಚಾಗಿರುವ ಮಾದರಿ ಸಂಖ್ಯೆ ಕೈಯಲ್ಲಿರಲಿ. ವಾರಂಟಿಯ ಅವಧಿಯಲ್ಲಿದ್ದರೆ ಸ್ಕ್ರೂ ಬಿಚ್ಚಲು ಯಾರಿಗೂ ಬಿಡಬೇಡಿ.

ಮಕ್ಕಳ ಮನೆಗೆಂದು ಎರಡು ಮೂರು ತಿಂಗಳು ಊರು ಬಿಟ್ಟು ಹೋಗುವವರು ಯಂತ್ರವನ್ನು ಚಾರ್ಜು ಮಾಡಿ, ಸ್ವಿಚ್ಚನ್ನು ಪೂರ್ತಿ ಆರಿಸಿ, ಗೂಡಿನ ಪ್ಲಗ್ಗು ಕಿತ್ತು, ತೇವವಿಲ್ಲದ ಕಪಾಟಿನಲ್ಲಿ ಇರಿಸಿ ಹೊರಡಬೇಕು. ಬರಿದಾದ ಬ್ಯಾಟರಿಯೊಂದಿಗೆ ಮಳೆಗಾಲ ಕಳೆದ ಯಂತ್ರ ನೀವು ಮರಳಿ ಬಂದಾಗ ಏಳದಿರಬಹುದು.